ರುದ್ರಪ್ಪನವರ ಕರಿ ಮೌತ್‌ಪೀಸು

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ಉಪಯೋಗವಾಗಲಿ, ನಿಮ್ಮ ಅನುಭವ ಬರೆದುಕೊಡಿ ಎಂದು ಪರಿಚಯದ ಮೇಷ್ಟರೊಬ್ಬರು ಬೆನ್ನು ಬಿದ್ದಿದ್ದಾರೆ. ಯಾವ ಹುಡುಗರು ಸಾರ್ ಎಂದು ಕೇಳಿದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಸ್ಯಾಕ್ಸಫೋನಿನ ಮೌತ್‌ಪೀಸ್ ಮಾಡುವುದನ್ನು ಕಲಿಸಿಕೊಡಿ ಎಂದು ಚಿತ್ರದುರ್ಗದ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವರು ನನ್ನ ನಂತರ ಒಬ್ಬರೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ಇಂಥದೊಂದು ಕೆಲಸ ಇತ್ತು ಎಂಬುದೂ ಹೋಗಿಬಿಡುತ್ತದೆ ಎಂಬ ಸಂಕಟ, ಅಷ್ಟೆ.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಹಾರ ಇವೆಲ್ಲ ನಮ್ಮಲ್ಲಿ ಇರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ಅಂಗಡಿಯ ಷಟರ್ ಎಳೆದು ಬೀಗ ಹಾಕಿದೆ. ನನ್ನ ನಿವೃತ್ತಿ ಎಂದರೆ ಅದು.

ಮೌತ್‌ಪೀಸ್ ಎಂದರೇನು ಎಂದು ಮೊದಲು ಹೇಳಬೇಕು. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರ ಕೊರಳಲ್ಲಿ ನೇತಾಡುವ ಬಾಗಿದ ಹಿತ್ತಾಳೆ ವಾದ್ಯವನ್ನು ನೀವು ನೋಡಿದ್ದೀರಿ. ಅದರ ತುದಿಯಲ್ಲಿ, ಊದುವವನ ಬಾಯೊಳಗೆ ಹೋಗುವ ಕರಿ ತುಂಡೇ ಮೌತ್‌ಪೀಸ್. ಅದರ ತಳ ಚಪ್ಪಟೆ. ಆ ತಳಕ್ಕೆ ಬೆತ್ತದ ತೆಳು ಪಟ್ಟಿಯೊಂದನ್ನು ಬಿಗಿಯುತ್ತಾರೆ, ಅದು ರೀಡು. ರೀಡಿಗೂ ಮೌತ್‌ಪೀಸಿನ ತುದಿಗೂ ನಡುವೆ ಉಗುರು ತೂರುವಷ್ಟು ಸಂದು. ಉಸಿರು ಆ ಸಂದಿನಲ್ಲಿ ನುಗ್ಗಿದಾಗ ರೀಡು ಅದುರುತ್ತದೆ, ದನಿ ಹುಟ್ಟುತ್ತದೆ. ತಳ ಎಲ್ಲಿಯವರೆಗೆ ಸಮ ಇರಬೇಕು, ಎಲ್ಲಿಂದ ಬಾಗಬೇಕು, ಒಳಗಿನ ಪೊಳ್ಳು ಎಷ್ಟು ಅಗಲ ಇರಬೇಕು ಎನ್ನುವುದರ ಮೇಲೆ ಅದು ಹಾಡುತ್ತದೋ ಅರಚುತ್ತದೋ ನಿರ್ಧಾರವಾಗುತ್ತದೆ. ಎರಡು ಸಲ ಜಾಸ್ತಿ ಉಜ್ಜಿದರೆ ಮುಗಿಯಿತು. ಉಜ್ಜಿ ತೆಗೆದದ್ದನ್ನು ತಿರುಗಿ ಹಚ್ಚಲು ಬರುವುದಿಲ್ಲ.

ನಾನು ಮೊದಲು ಬೋರ್‌ವೆಲ್ ಲಾರಿಗಳ ಬುಷ್ ಎಂಬ ಕಬ್ಬಿಣದ ಬಳೆಗಳನ್ನು ಲೇಥ್ ಯಂತ್ರದಲ್ಲಿ ಕಡೆಯುತ್ತಿದ್ದವನು. ಪಕ್ಕದ ಅಂಗಡಿ ಉಸ್ತಾದರದು. ಅವರು ಮಿಲಿಟರಿ ಬ್ಯಾಂಡಿನಲ್ಲಿ ವಾದ್ಯ ರಿಪೇರಿ ಮಾಡಿಕೊಂಡಿದ್ದು, ವಯಸ್ಸಾದ ಮೇಲೆ ಊರಿಗೆ ಬಂದು ಅಂಗಡಿ ಇಟ್ಟಿದ್ದರು. ಅವರ ಲೇಥು ಕೆಟ್ಟಾಗಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ದಿನ ನಾನು ಕಡೆಯುವುದನ್ನು ನೋಡುತ್ತಾ ನಿಂತು, "ಲೇ ಮಂಜ, ನಿನ್ನ ಕೈಗೆ ಅವಸರ ಇಲ್ಲ. ಕಬ್ಬಿಣದ ಜೊತೆ ಯಾಕೆ ಸಾಯ್ತೀಯ, ಬಾ" ಎಂದರು. ಹೋದೆ. ಆ ಮನುಷ್ಯ ಜೀವಮಾನದಲ್ಲಿ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಉಸ್ತಾದರು ಬೈಯುತ್ತಿರಲಿಲ್ಲ. ನಾನು ಮಾಡಿದ್ದನ್ನು ಕೈಗೆತ್ತಿಕೊಂಡು, ರೀಡು ಕಟ್ಟಿ, ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ, ಮುಂದಿನಿಂದ ಗಾಳಿ ಎಳೆಯುತ್ತಿದ್ದರು. ತಳ ಸರಿಯಾಗಿ ಕೂತಿದ್ದರೆ ರೀಡು ಅಂಟಿಕೊಂಡು ಸ್ವಲ್ಪ ಹೊತ್ತು ನಿಂತು ಆಮೇಲೆ ಟಪ್ ಎಂದು ಬಿಟ್ಟುಕೊಳ್ಳಬೇಕು. ನನ್ನದು ಅಂಟುತ್ತಲೇ ಇರಲಿಲ್ಲ. ಅವರು ಅದನ್ನು ಮೂಲೆಯ ಡಾಲ್ಡಾ ಡಬ್ಬಕ್ಕೆ ಎಸೆಯುತ್ತಿದ್ದರು. ಡಬ್ಬದಲ್ಲಿ ಅದು ಬಿದ್ದ ಸದ್ದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು. ಆ ಡಬ್ಬ ತುಂಬಿ ಇನ್ನೊಂದು ಬಂದ ಮೇಲೆಯೇ ನನ್ನ ಕೈಯಿಂದ ಒಂದು ಟಪ್ ಎಂದಿತು. ಉಸ್ತಾದರು ಅದನ್ನು ಮೇಜಿನ ಮೇಲಿಟ್ಟು ಚಹಾ ಹೇಳಲು ಹೊರಗೆ ಹೋದರು.

ಹಳೆಯ ಮೌತ್‌ಪೀಸುಗಳು ಎಬೊನೈಟಿನವು. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಕಲ್ಲಿನಷ್ಟು ಗಟ್ಟಿ ಮಾಡಿದ ವಸ್ತು. ಹಿಂದೆ ಇಂಕು ಪೆನ್ನುಗಳನ್ನೂ ಇದರಿಂದಲೇ ಮಾಡುತ್ತಿದ್ದರು. ಪೆನ್ನು ಮಾಡುವವರಿಂದ ಇದರ ಸರಳುಗಳನ್ನು ತರಿಸಿ ನಾವು ಕಡೆಯುತ್ತಿದ್ದೆವು. ಲೇಥಿನಲ್ಲಿ ಅದು ಕರಿ ದಾರದಂತೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು, ಅಂಗಡಿಯೆಲ್ಲ ಗಂಧಕದ ವಾಸನೆ. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಮೊದಲು ಬಚ್ಚಲು ತೋರಿಸುತ್ತಿದ್ದಳು. ಕಡೆದ ಮೇಲೆ ಒಳಗನ್ನು ಅರದಿಂದ ಕೊರೆದು, ತಳವನ್ನು ಗಾಜಿನ ಮೇಲೆ ಹಾಸಿದ ಎಮರಿ ಪೇಪರಿಗೆ ಉಜ್ಜಬೇಕು. ಯಂತ್ರದ ಕೆಲಸ ಇಷ್ಟೇ. ಉಳಿದದ್ದು ಬೆರಳು ಮತ್ತು ಕಿವಿ.

ಚಿಕ್ಕಜಾಜೂರಿನ ರುದ್ರಪ್ಪನವರು ನಮ್ಮ ಅಂಗಡಿಗೆ ಬಂದದ್ದು ಆ ದಿನಗಳಲ್ಲಿ. ರೈಲ್ವೆ ಕ್ವಾರ್ಟರ್ಸಿನ ಹಿಂದೆ ಅವರ ಮನೆ. ಹೊಳಲ್ಕೆರೆಯ ಬ್ಯಾಂಡೊಂದರಲ್ಲಿ ಸ್ಯಾಕ್ಸಫೋನ್ ಊದುತ್ತಿದ್ದರು. ಪ್ಯಾಸೆಂಜರ್ ಗಾಡಿಯಲ್ಲಿ ದುರ್ಗಕ್ಕೆ ಬಂದು, ಪಂಚೆಯ ಸೊಂಟದ ಗಂಟು ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಒಂದು ಕರಿ ಮೌತ್‌ಪೀಸನ್ನು ಮೇಜಿನ ಮೇಲಿಟ್ಟು, ತಳ ಸವೆದಿದೆಯೇ ನೋಡಿ ಎಂದರು. ಅವರ ಗುರು ಕೊಟ್ಟದ್ದು, ಆ ಗುರುವಿಗೆ ಯಾವನೋ ಬಿಳಿಯ ಬ್ಯಾಂಡ್ ಮಾಸ್ತರ ಕೊಟ್ಟದ್ದಂತೆ. ಹೆಸರು ಕೆತ್ತಿದ್ದ ಜಾಗ ಸವೆದು ನುಣ್ಣಗಾಗಿತ್ತು. ಮೇಲ್ಭಾಗದಲ್ಲಿ ಮೇಲಿನ ಹಲ್ಲು ಊರುವ ಕಡೆ ಎರಡು ಗುಳಿ. ಗುರುವಿನ ಹಲ್ಲು ಮಾಡಿದ ಗುಳಿಯಲ್ಲೇ ಶಿಷ್ಯ ತನ್ನ ಹಲ್ಲು ಊರಬೇಕು ಎಂಬುದು ಅವರ ಬ್ಯಾಂಡಿನ ಪದ್ಧತಿ. ಬೇರೆ ಯಾರೂ ಅದನ್ನು ಬಾಯಿಗಿಡುವಂತಿಲ್ಲ. ಉಸ್ತಾದರು ಕೂಡ ಅದನ್ನು ಬಾಯಿಗಿಡದೆ ಕೈಯಲ್ಲೇ ತಿರುಗಿಸಿ ನೋಡಿ, ಊದಿ ಕೇಳಿಸಿರಿ ಎಂದು ಕೈಮುಗಿದರು.

ಆ ದನಿಯನ್ನು ಹೇಗೆ ಹೇಳಲಿ? ರುದ್ರಪ್ಪನವರು ಊದಿದಾಗ ಪಕ್ಕದ ಲೇಥಿನವರು ಮೋಟಾರು ಆರಿಸಿದರು. ಗಟ್ಟಿಯಾಗಿ ಇರಲಿಲ್ಲ ಅದು. ಮನೆಯ ಹಿರಿಯರು ಮೆಲ್ಲಗೆ ಮಾತಾಡಿದರೂ ಎಲ್ಲರಿಗೂ ಕೇಳುತ್ತದಲ್ಲ, ಹಾಗಿತ್ತು. ಸಾವಿನ ಮನೆಗಳಿಗೆ ಅವರ ಬ್ಯಾಂಡನ್ನು ಹುಡುಕಿಕೊಂಡು ಬರುತ್ತಿದ್ದರು. ಅವರು ಊದಿದರೆ ಅಳುತ್ತಿದ್ದವರು ಅಳು ನಿಲ್ಲಿಸಿ ಕೇಳುತ್ತಿದ್ದರು, ಕೇಳಿ ಮತ್ತೆ ಅಳುತ್ತಿದ್ದರು.

ಉಸ್ತಾದರಿಗೆ ಅದರ ನಕಲು ಮಾಡುವ ಹುಚ್ಚು ಹತ್ತಿತು. ರುದ್ರಪ್ಪನವರು ಒಪ್ಪಿದರು, ಆದರೆ ಮೌತ್‌ಪೀಸನ್ನು ಬಿಟ್ಟು ಹೋಗುತ್ತಿರಲಿಲ್ಲ. ಅಳತೆ ಮುಗಿಯುವವರೆಗೂ ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊರಗಿನ ಅಳತೆ ಸುಲಭ. ಒಳಗಿನ ಪೊಳ್ಳಿನ ಆಕಾರ ತಿಳಿಯುವುದು ಹೇಗೆ? ಉಸ್ತಾದರು ಒಂದು ಉಪಾಯ ಕಂಡುಹಿಡಿದರು. ಮನೆಯಿಂದ ಚಪಾತಿ ಕಣಕ ತರಿಸಿ, ಎಣ್ಣೆ ಸವರಿ ಒಳಗೆ ತುಂಬಿ, ಬಿಗಿಯಾದ ಮೇಲೆ ಮೆಲ್ಲಗೆ ಹೊರಗೆಳೆದರು. ಪೊಳ್ಳಿನ ಅಚ್ಚು ಬಂತು. ಅದನ್ನು ಬಿಸಿಲಿಗೆ ಒಣಗಿಸಿ, ಅದರ ಅಳತೆಗೆ ಸರಿಯಾಗಿ ನಾವು ಕೊರೆದೆವು. ಹಿರಿಯೂರು, ಹೊಸದುರ್ಗ, ಮಾರಿಕಣಿವೆ ಕಡೆಯ ಬ್ಯಾಂಡುಗಳಿಗೆಲ್ಲ ನಮ್ಮ ನಕಲುಗಳು ಹೋದವು. ಎಲ್ಲವೂ ಒಂದೇ ರೀತಿ ಮೂಗಿನಲ್ಲಿ ಹಾಡುತ್ತಿದ್ದವು. ಯಾಕೆಂದು ಇಬ್ಬರೂ ತಲೆ ಕೆಡಿಸಿಕೊಂಡೆವು. ಕೊನೆಗೆ ಗುಟ್ಟು ಬಿಡಿಸಿದ್ದು ಉಸ್ತಾದರ ಬೀವಿ. ಊಟ ತಂದವರು ಕಪಾಟಿನ ಮೇಲಿದ್ದ ಅಚ್ಚನ್ನು ಕೈಗೆತ್ತಿಕೊಂಡು, ಹಿಟ್ಟು ಒಣಗಿದರೆ ಕುಗ್ಗುತ್ತದೆ ಎಂದು ನಿಮಗೆ ಯಾರೂ ಹೇಳಲಿಲ್ಲವೇ ಎಂದರು. ಇಡೀ ಜಿಲ್ಲೆಯ ಮದುವೆಗಳು ಒಣಗಿದ ಕಣಕದ ದೆಸೆಯಿಂದ ಮೂಗಿನಲ್ಲಿ ನಡೆದಿದ್ದವು. ಆ ದಿನ ನಕ್ಕಷ್ಟು ನಾವು ಮತ್ತೆ ಎಂದೂ ನಗಲಿಲ್ಲ.

ಆಮೇಲೆ ಹಲ್ಲಿನ ಡಾಕ್ಟರು ದವಡೆಯ ಅಚ್ಚು ತೆಗೆಯಲು ಬಳಸುವ ಪೇಸ್ಟು ಬಂತು. ಅದು ಕುಗ್ಗುವುದಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಕಲು ಮಾಡಿದೆವು. ಅದು ಒಳ್ಳೆಯ ಮೌತ್‌ಪೀಸೇ ಆಯಿತು, ಆದರೆ ಆ ದನಿ ಬರಲಿಲ್ಲ. ವಸ್ತು ಹಳತಾಗಬೇಕು, ನಮ್ಮದು ಇನ್ನೂ ಹಸಿ ಎಂದು ಉಸ್ತಾದರು ಸಮಾಧಾನ ಮಾಡಿಕೊಂಡರು. ನನಗೆ ಅದು ಪೂರ್ತಿ ಉತ್ತರ ಅನ್ನಿಸಲಿಲ್ಲ. ಇವತ್ತಿಗೂ ನನಗೆ ಉತ್ತರ ಗೊತ್ತಿಲ್ಲ.

ಅಷ್ಟರಲ್ಲಿ ಡಿಜೆ ಬಂತು. ಭರಮಸಾಗರದ ಒಂದು ಮದುವೆಯಲ್ಲಿ ನಾನೇ ಕಣ್ಣಾರೆ ಕಂಡೆ. ಹಿಂದೆ ಲಾರಿಯ ಮೇಲೆ ಗೋಡೆಯಷ್ಟು ಎತ್ತರದ ಸ್ಪೀಕರು, ಮುಂದೆ ಕೆಂಪು ಕೋಟಿನ ಬ್ಯಾಂಡಿನವರು. ಕೆನ್ನೆ ಉಬ್ಬಿಸಿ ಊದುತ್ತಿದ್ದರು, ಅವರ ಪಕ್ಕದಲ್ಲಿ ನಿಂತ ನನಗೇ ಕೇಳುತ್ತಿರಲಿಲ್ಲ. ಅದಾದ ಮೇಲೆ ಅಂಗಡಿಗೆ ಬಂದವರೆಲ್ಲ ಒಂದೇ ರಾಗ: ಜೋರು ಬರಬೇಕು. ಒಳಗೆ, ಮರದ ಬಿರುಕಿಗೆ ತುಂಬುವ ಲಪ್ಪದಂಥದ್ದನ್ನು ಮೆತ್ತಿ ಉಸಿರಿನ ದಾರಿ ಕಿರಿದು ಮಾಡಿದರೆ, ತುದಿಯ ಸಂದು ದೊಡ್ಡದು ಮಾಡಿದರೆ ಜೋರು ಬರುತ್ತದೆ, ದನಿ ಸಾಯುತ್ತದೆ. ಉಸ್ತಾದರು ಮೊದಮೊದಲು ಕೂಗಾಡಿದರು, ಆಮೇಲೆ ಬೇಡವೆನ್ನುವುದನ್ನು ಬಿಟ್ಟರು. ನಮ್ಮ ಕೈಯಿಂದ ಹೋದ ಒಳ್ಳೆಯವೆಲ್ಲ ಒಂದೊಂದಾಗಿ ಬಂದು ಅರಚುವಂಥವಾಗಿ ವಾಪಸು ಹೋದವು. ಎಷ್ಟು ಅರಚಿದರೂ ಸ್ಪೀಕರಿಗೆ ಸಮ ಬರುವುದು ಸಾಧ್ಯವೇ? ಜೋರು, ದನಿ ಎರಡೂ ಕಳೆದುಕೊಂಡೆವು.

ಅದಕ್ಕಿಂತ ಕೆಟ್ಟ ದಿನ ಇನ್ನೊಂದು ಬಂತು. ಹಿರಿಯೂರಿನ ಬ್ಯಾಂಡಿನವರೊಬ್ಬರು ಸ್ಯಾಕ್ಸಫೋನ್ ತಂದು, ಚೆನ್ನಾಗಿ ಪಾಲಿಶ್ ಹೊಡೆದುಕೊಡಿ, ವಿಡಿಯೋದಲ್ಲಿ ಹೊಳೆಯಬೇಕು ಎಂದರು. ಮೌತ್‌ಪೀಸ್ ನೋಡಿದರೆ ರೀಡೇ ಇಲ್ಲ. ರೀಡು ಎಲ್ಲಿ ಎಂದು ಕೇಳಿದೆ.

"ಊದಾದು ಎಲ್ಲೈತಣ್ಣ? ಹಾಡು ಡಿಜೆಯವ್ರು ಹಾಕ್ತಾರೆ. ನಾವು ಬಾಯಿಗಿಟ್ಕಂಡು ಮುಂದೆ ನಡೀತೀವಿ."

ಅವರು ಅದನ್ನು ದುಃಖದಿಂದ ಹೇಳಲಿಲ್ಲ, ಮಾಮೂಲಿನಂತೆ ಹೇಳಿದರು. ನಾನು ಪಾಲಿಶ್ ಹೊಡೆದುಕೊಟ್ಟೆ. ಉಸ್ತಾದರು ಆ ವೇಳೆಗೆ ತೀರಿಕೊಂಡಿದ್ದರು, ಇದನ್ನು ಕೇಳುವುದು ಅವರಿಗೆ ತಪ್ಪಿತು.

ಈ ನಡುವೆ ರುದ್ರಪ್ಪನವರೊಬ್ಬರೇ ಬದಲಾಗಲಿಲ್ಲ. ಬ್ಯಾಂಡು ಮುರಿದುಬಿತ್ತು, ಅವರು ಮನೆಯಲ್ಲೇ ಊದಿಕೊಂಡಿದ್ದರು. ಹೆಣ್ಣುಮಕ್ಕಳು ಬ್ಯಾಂಡಿಗೆ ಹೋಗುವ ರೂಢಿ ಇಲ್ಲದಿದ್ದರೂ ಮಗಳು ಸುಧಾಳಿಗೆ ಹಿತ್ತಲಲ್ಲಿ ಕೂರಿಸಿ ಕಲಿಸಿದರು. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಅಭ್ಯಾಸವೆಲ್ಲ ನಾನು ಮಾಡಿಕೊಟ್ಟ ನಕಲಿನ ಮೇಲೆ. ಅಪ್ಪನ ಆ ಹಳೆಯ ಕರಿಯದನ್ನು ಕೇಳಿದರೆ, ಕೈ ಪಳಗಲಿ ಆಮೇಲೆ ಕೊಡ್ತೀನಿ ಎನ್ನುತ್ತಿದ್ದರಂತೆ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ತುಟಿ ಒಂದು ಕಡೆಗೆ ಎಳೆದುಕೊಂಡಿತು. ಇನ್ನು ಊದುವ ಮಾತಿಲ್ಲ ಎಂದು ಅವರಿಗೇ ತಿಳಿಯಿತು. ನೋಡಲು ಹೋದಾಗ ತೊದಲುತ್ತಾ ನನಗೆ ಹೇಳಿದರು: "ದೀಪಾವಳಿಗೆ ಅದನ್ನ ಸುಧಾನ ಕೈಗೆ ಕೊಡ್ತೀನಿ ಮಂಜಣ್ಣ. ನಂಗೆ ಊದಕಾಗಲ್ಲ, ಹೋಗ್ಲಿ. ಅದರ ದನಿ ಒಂದು ಸಲ ಕೇಳಿಬಿಟ್ರೆ ಸಾಕು. ಅವತ್ತು ನೀವೂ ಬರ್ರಿ." ಬರುತ್ತೇನೆ ಎಂದೆ. ಆ ಮಂಚದ ಮೇಲೆ ಅವರನ್ನು ಹಿಡಿದಿಟ್ಟಿದ್ದುದು ಅದೊಂದೇ ಆಸೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಆಯುಧಪೂಜೆ ಮುಗಿದ ಮಾರನೆಯ ದಿನ ಸುಧಾ ನನ್ನ ಮನೆ ಹುಡುಕಿಕೊಂಡು ಬಂದಳು. ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಗಂಧಕದ ವಾಸನೆ ಮೊದಲು ಬಂತು, ಆಮೇಲೆ ಅದು ಕಂಡಿತು. ಕರಿ ಬಣ್ಣ ಹೋಗಿ ಹಸಿರು ಮಿಶ್ರಿತ ಕಂದು. ಇದೇನಾಯಿತು ಎಂದು ಕೇಳಿದೆ.

"ಅಮ್ಮ ಪೂಜೆಗೆ ತೊಳ್ಯಾಕೆ ಕುದಿಯೋ ನೀರಿಗೆ ಹಾಕಿಬಿಟ್ಟಾಳೆ ಮಾಮ. ಅಪ್ಪಂಗೆ ಗೊತ್ತಿಲ್ಲ."

ಅವಳ ತಾಯಿ ಗೌರಮ್ಮ ಅದನ್ನು ಪ್ರೀತಿಯಿಂದಲೇ ಮಾಡಿದ್ದು. ಆಸ್ಪತ್ರೆಗೆ ಅಲೆದಾಡಿದ ತಿಂಗಳುಗಳಲ್ಲಿ ಪೆಟ್ಟಿಗೆಯೊಳಗೆ ಜಿರಲೆ ಓಡಾಡಿತ್ತು, ಎಂಜಲು ಒಣಗಿತ್ತು. ಗಂಡನ ಕಸುಬಿನ ವಸ್ತು, ಪೂಜೆಗೆ ಎಂಜಲು ಇಡಬಾರದು ಎಂದು ಅರಿಶಿನ, ಅಡುಗೆ ಸೋಡಾ ಹಾಕಿ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿದ್ದರು. ಎಬೊನೈಟಿಗೆ ಬಿಸಿನೀರು ವಿಷ. ಬಣ್ಣ ಹೋಗುತ್ತದೆ, ಆಕಾರ ಸೊಟ್ಟಗಾಗುತ್ತದೆ. ಈ ಮಾತನ್ನು ನಾವು ಅಂಗಡಿಗೆ ಬಂದ ಗಂಡಸರಿಗೆಲ್ಲ ಹೇಳಿದ್ದೆವು. ಮನೆಯಲ್ಲಿ ತೊಳೆಯುವವರು ಹೆಂಗಸರು, ಅವರಿಗೆ ಯಾರೂ ಹೇಳಿರಲಿಲ್ಲ.

ಸುಧಾಳನ್ನು ಊರಿಗೆ ಕಳಿಸಿ ಅಂಗಡಿಯ ಬೀಗ ತೆಗೆದೆ. ತಳವನ್ನು ಗಾಜಿನ ಮೇಲಿಟ್ಟರೆ ಅದು ತೊಟ್ಟಿಲಿನಂತೆ ತೂಗಿತು. ಮೇಲಿನ ಹಲ್ಲಿನ ಗುಳಿಗಳೂ ಬಿಸಿಗೆ ಉಬ್ಬಿ ಮಾಸಿಹೋಗಿದ್ದವು. ಗುರುವಿನದೂ ಇಲ್ಲ, ರುದ್ರಪ್ಪನವರದೂ ಇಲ್ಲ. ಬೆರಳಾಡಿಸಿ ಹುಡುಕಿದೆ, ಸಿಗಲಿಲ್ಲ. ಅಷ್ಟು ವರ್ಷ ಕಚ್ಚಿ ಹಿಡಿದದ್ದು ಒಂದು ಪಾತ್ರೆ ನೀರಿನಲ್ಲಿ ಹೋಗಿತ್ತು. ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ, ಅತ್ತುಬಿಟ್ಟೆ.

ಸೊಟ್ಟಗಾದ ತಳವನ್ನು ಸಮ ಮಾಡಬೇಕಾದರೆ ಉಜ್ಜಲೇಬೇಕು. ಉಜ್ಜಿದರೆ ಹಳೆಯ ಬಾಗು ಹೋಗುತ್ತದೆ, ಹೊಸ ಬಾಗು ನಾನು ಕೊಡಬೇಕು. ಬೇರೆ ದಾರಿ ಇಲ್ಲ. ಉಸ್ತಾದರು ಬರೆದಿಟ್ಟಿದ್ದ ಹಳೆಯ ಅಳತೆಗಳು ನನಗೆ ಬಾಯಿಪಾಠ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಒಂದೆಳೆ ಉಜ್ಜುವುದು, ನಿಲ್ಲಿಸಿ ನೋಡುವುದು. ದಿನಗಳು ಹೋದವು. ಬಣ್ಣಕ್ಕೆ ಎಣ್ಣೆ ಕುಡಿಸಿ ಕಪ್ಪು ಮಾಡಿದೆ. ಕೊನೆಗೆ ರೀಡು ಕಟ್ಟಿ, ಅವರ ಪದ್ಧತಿ ಮೀರಿ ನಾನೇ ಬಾಯಿಗಿಟ್ಟು ಗಾಳಿ ಎಳೆದಾಗ ಅಂಟಿಕೊಂಡು ನಿಂತು, ಟಪ್ ಎಂದಿತು. ಉಸ್ತಾದರಿದ್ದಿದ್ದರೆ ಚಹಾ ಹೇಳಲು ಹೋಗುತ್ತಿದ್ದರೇನೋ. ನನಗೆ ಸ್ವಲ್ಪ ಆಸೆ ಹುಟ್ಟಿತು. ಹುಟ್ಟಬಾರದಿತ್ತು.

ದೀಪಾವಳಿಯ ದಿನ ಬೆಳಗಿನ ಗಾಡಿಗೆ ಚಿಕ್ಕಜಾಜೂರಿಗೆ ಹೋದೆ. ಗೌರಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡದೆ, "ನಂಗ್ಯಾರೂ ಹೇಳಿರ್ಲಿಲ್ಲಣ್ಣ" ಎಂದರು. ನಿಮ್ಮ ತಪ್ಪಿಲ್ಲ, ಸರಿ ಮಾಡಿದ್ದೇನೆ ಎಂದೆ. ಅವರು ನಂಬಿದರು.

ರುದ್ರಪ್ಪನವರು ಒಳಕೋಣೆಯ ಮಂಚದ ಮೇಲಿದ್ದರು. "ಕುಂತ್ಕಳ್ರಿ ಮಂಜಣ್ಣ" ಎಂದು ಎಡಗೈಯಿಂದ ಜಾಗ ತೋರಿಸಿದರು. ನಾನು ಪಕ್ಕದಲ್ಲಿ ಕೂತೆ. ಸುಧಾ ನಡುಮನೆಯಲ್ಲಿ ನಾನು ತಂದ ಮೌತ್‌ಪೀಸ್ ಸಿಕ್ಕಿಸುತ್ತಿದ್ದುದು ಬಾಗಿಲ ಮರೆಗೆ ಅವರಿಗೆ ಕಾಣುತ್ತಿರಲಿಲ್ಲ. ಅವಳು ಊದಲು ಶುರು ಮಾಡಿದಳು. ತಂದೆ ಕಲಿಸಿದ್ದನ್ನೇ, ತಂದೆ ಎಳೆಯುತ್ತಿದ್ದಂತೆಯೇ ನಿಧಾನವಾಗಿ ಎಳೆದು ಊದಿದಳು. ಒಂದು ಸ್ವರವೂ ಜಾರಲಿಲ್ಲ. ದನಿ ಶುದ್ಧವಾಗಿತ್ತು, ಸಮವಾಗಿತ್ತು. ಅದು ನಾನು ಜೀವಮಾನವಿಡೀ ಮಾಡಿದ ನಕಲುಗಳ ದನಿ. ಮೊದಲ ಸ್ವರಕ್ಕೇ ನನಗೆ ಗೊತ್ತಾಯಿತು. ನಾನು ನೆಲ ನೋಡುತ್ತಾ ಕೂತೆ.

ರುದ್ರಪ್ಪನವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಸುಧಾ ಬಂದು ತಾಯಿಯ ಪಕ್ಕ ಬಾಗಿಲಲ್ಲಿ ನಿಂತಳು. ರುದ್ರಪ್ಪನವರ ಮುಖದಲ್ಲಿ ಸಮಾಧಾನವಿತ್ತು.

"ಚೆನ್ನಾಗೈತೆ. ಕೈ ಪಳಗೈತೆ ಮಗಳದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನೀವು ಮಾಡಿದ್ದಲ್ವ ಮಂಜಣ್ಣ? ನಿಮ್ಮ ಕೈ ಗೊತ್ತಾಗುತ್ತೆ."

ಹೌದು ಎಂದೆ.

"ಈಗ ನಂದು ಕೊಡ್ರಿ ಅವಳಿಗೆ. ಕೇಳಾಣ." ಅವರು ಬಾಗಿಲ ಕಡೆ ನೋಡಿದರು. "ಗೌರಿ, ಪೆಟ್ಟಿಗ್ಯಾಗೆ ಐತಲ್ಲ, ತಗಂಬಾ."

ಗೌರಮ್ಮ ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಲ್ಲಿ ಏನೂ ಇಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ರುದ್ರಪ್ಪನವರು ಮತ್ತೆ ಕಣ್ಣು ಮುಚ್ಚಿ ಕೇಳಲು ಸಿದ್ಧರಾದರು.